ಮೀಸಲು ಗಿಡಕ್ಕೆ ಬಂದ ನೊಣ

“ದೇವರಿಗಂತ ಮೀಸಲಿಟ್ಟ ಹಣ್ಣಿನ್ಯಾಗ ಹುಳ ಎಲ್ಲಿಂದ ಬಂತು?”

ಮುಗದ ಊರಿನ ತನ್ನ ಮಾವಿನ ತೋಟದಲ್ಲಿ ನಿಂತು ಚನ್ನಬಸವ್ವ ಯಾರಿಗೆಂದಿಲ್ಲದೆ ಕೇಳಿದಳು. ಕೈಯಲ್ಲಿ ಹೋಳು ಮಾಡಿದ ಆಪೂಸು, ಒಳಗೆ ಪುಳಪುಳ ಹರಿಯುವ ಬಿಳಿ ಹುಳ. ಮಠಕ್ಕೆ ಹಣ್ಣಿನ ಬುಟ್ಟಿ ಒಪ್ಪಿಸಲು ಎಂಟೇ ದಿನ ಉಳಿದಿತ್ತು. ಹಿಂದಿನ ವರ್ಷ ಪ್ರಸಾದದ ಹೊತ್ತಿಗೆ ಅವಳ ಬುಟ್ಟಿಯ ಹಣ್ಣು ಹೆಚ್ಚಿದಾಗ ಹುಳ ಬಿದ್ದು, ಪಂಕ್ತಿಯೆಲ್ಲ ನೋಡುವಾಗ ತಲೆ ತಗ್ಗಿಸಿದ್ದಳು. ಈ ಸಲವೂ ಹಾಗಾದರೆ?

ಅವಳ ಮನೆಯ ಪದ್ಧತಿಯೇ ಬೇರೆ. ಉಳಿದ ಗಿಡಗಳ ಕಾಯಿ ಬಲಿತೊಡನೆ ಕೊಯ್ದು ಹುಲ್ಲಿನಲ್ಲಿ ಹಣ್ಣಿಗೆ ಹಾಕುವರು. ಮಠಕ್ಕೆಂದೇ ಬಿಟ್ಟ, ಬಾವಿ ಪಕ್ಕದ ಮೀಸಲು ಗಿಡದ್ದು ಮಾತ್ರ ಗಿಡದಲ್ಲೇ ಹಣ್ಣಾಗಬೇಕು. ಉದುರಿದ್ದನ್ನು ಮುಟ್ಟುವಂತಿಲ್ಲ, ಅಲ್ಲೇ ಮಣ್ಣಾಗಬೇಕು.

“ಯಾರ ಜೋಡಿ ಜಗಳಾ ತಗದೀರಿ ಅಕ್ಕಾರ?” ಎನ್ನುತ್ತ ಸುಲ್ತಾನಾ ಬಂದಳು. ಮಹಿಳಾ ಸಂಘದಿಂದ ತರಬೇತಿ ಪಡೆದ ಕೃಷಿ ಸಖಿ ಅವಳು.

“ನೋಡವಾ, ಮ್ಯಾಲ ಒಂದು ತೂತಿಲ್ಲ. ಯಾರದರ ಕಣ್ಣು ಬಿದ್ದಿರಬೇಕು.”

“ಕಣ್ಣಲ್ರಿ, ನೊಣ ಬಿದ್ದದ. ಅಲ್ನೋಡ್ರಿ.”

ತೂಗುವ ಹಣ್ಣಿನ ಮೇಲೆ ಸಣ್ಣ ಕಣಜದಂಥ ಕಂದು ನೊಣ. ಹಿಂಬದಿಯ ಸೂಜಿಮೊನೆಯನ್ನು ಸಿಪ್ಪೆಗೆ ಚುಚ್ಚಿ ಅಲ್ಲಾಡದೆ ನಿಂತಿತ್ತು.

“ತತ್ತಿ ಇಡಾಕತ್ತದ್ರಿ. ಚುಚ್ಚಿದ ಗುರುತು ಸಾಸಿವಿಗಿಂತ ಸಣ್ಣದು. ಎರಡು ದಿನದಾಗ ಹುಳ ಆಗಿ ತಿರುಳು ತಿಂತಾವ. ಹಣ್ಣು ಉದುರಿತಂದ್ರ ಮಣ್ಣಿಗಿಳೀತಾವ.” ಸುಲ್ತಾನಾ ಕುಡುಗೋಲಿನ ತುದಿಯಿಂದ ಗಿಡದ ಬುಡ ಕೆದರಿದಳು. ಕೆಂಪಕ್ಕಿ ಕಾಳಿನಂಥ ಹುಳದ ಕೋಶಗಳು ಹಿಡಿ ತುಂಬ ಬಂದವು. “ಹತ್ತು ಹನ್ನೆರಡು ದಿನಕ್ಕ ಇವೆಲ್ಲ ನೊಣ. ಆಮ್ಯಾಲೆ ಇಡೀ ತೋಟ ಅವುಗಳದ್ದ!”

“ಅಂದ್ರ ದೇವರ ಹಣ್ಣು ತಿಪ್ಪಿಗೆ ಚೆಲ್ಲಂತೀಯೇನು?”

“ತಿಪ್ಪಿಗೂ ಬ್ಯಾಡ್ರಿ, ಅಲ್ಲೂ ಹುಟ್ತಾವ. ಎರಡು ಅಡಿ ತೆಗ್ಗು ತೋಡಿ ಮುಚ್ಚೋಣು. ಹುಳದ ಹಣ್ಣು ಸ್ವಾಮ್ಯಾರ ಮುಂದ ಇಡೂದು ತಪ್ಪೋ, ಮಣ್ಣಾಗ ಮುಚ್ಚೂದು ತಪ್ಪೋ? ನೀವ ಹೇಳ್ರಿ.”

ಚನ್ನಬಸವ್ವ ಸೆರಗು ಸಿಗಿಸಿ, ಉದುರಿದ ಹಣ್ಣಿಗೆ ಒಮ್ಮೆ ಕೈಮುಗಿದು, ಆರಿಸತೊಡಗಿದಳು. ಗಂಡ ಶಾಂತಯ್ಯ ಗೊಣಗುತ್ತಲೇ ತೆಗ್ಗು ತೋಡಿದ. ನೊಣಕ್ಕೆ ಹಣ್ಣಾದದ್ದೇ ಇಷ್ಟವೆಂದು ಸುಲ್ತಾನಾ ಹೇಳಿದ್ದರಿಂದ, ಮೀಸಲು ಗಿಡದ ಬಲಿತ ಗಟ್ಟಿ ಕಾಯಿಗಳನ್ನಷ್ಟೇ ಕೊಯ್ದು, ಜಗಲಿಯಲ್ಲಿ ಹುಲ್ಲು ಹಾಸಿ ಇಟ್ಟರು. ಸುಲ್ತಾನಾ ಮೋಹಕ ಬಲೆಯ ಡಬ್ಬಿ ಕಟ್ಟಿದಳು.

“ಇದರ ವಾಸನಿಗೆ ಗಂಡು ನೊಣ ಮರುಳಾಗಿ ಬಂದು ಬೀಳ್ತಾವ.”

“ಗಂಡಸರನ್ನ ಮರುಳು ಮಾಡೂದು ಇಷ್ಟು ಸರಳೇನ?” ಚನ್ನಬಸವ್ವ ಗಂಡನತ್ತ ನೋಡಿ ನಕ್ಕಳು.

ಎಂಟನೆಯ ದಿನ ಮಠದಲ್ಲಿ ಅವಳ ಹಣ್ಣು ಹೆಚ್ಚಿದರು. ಹೋಳು ಹೋಳೂ ಬಂಗಾರದ ಬಣ್ಣ. ಹುಳದ ಸುಳಿವಿಲ್ಲ.

ತೋಟದ ಬಂಧುಗಳೇ, ಮಾವಿರಲಿ, ಪೇರಲವಿರಲಿ, ಇಂದೇ ನಿಮ್ಮ ಗಿಡದ ಬುಡ ನೋಡಿ. ಉದುರಿದ್ದನ್ನು ದಿನವೂ ಆರಿಸಿ ಆಳವಾಗಿ ಮುಚ್ಚಿ. ಕಾಯಿ ಬಲಿಯುವ ಮೊದಲೇ ಮೋಹಕ ಬಲೆ ಕಟ್ಟಿ, ಬಲಿತ ಕಾಯಿಯನ್ನು ಹೊತ್ತಿಗೆ ಕೊಯ್ಯಿರಿ. ಪಕ್ಕದ ತೋಟದವರನ್ನೂ ಕರೆದುಕೊಳ್ಳಿ, ನೊಣಕ್ಕೆ ಬೇಲಿ ತಿಳಿಯದು. ಗಿಡದಲ್ಲೇ ಹಣ್ಣಾಗಲೆಂಬ ಆಸೆಗೆ ಮಣಿಯಬೇಡಿ.

ಮರುವರ್ಷ ಮೀಸಲು ಗಿಡ ಕೊಯ್ಯುವಾಗ ಶಾಂತಯ್ಯ ಮೆಲ್ಲಗೆ ಕೇಳಿದ: “ತುದಿ ಟೊಂಗಿ ಮ್ಯಾಲಿನ ಐದಾರು ಕಾಯಿ ಇರ್ಲಿ ಬಿಡ. ಗಿಡದಾಗ ಹಣ್ಣಾದದ್ದರ ರುಚಿನ ಬ್ಯಾರೆ.”

“ಒಂದೂ ಬಿಡಂಗಿಲ್ರಿ,” ಎಂದಳು ಚನ್ನಬಸವ್ವ.