ನಿನ್ಯೆಸ್

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ದೂರದ ದೇಶದಿಂದ ದತ್ತು ಬಂದಾಗ ಪುಟ್ಟ ಮಗು. ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲವಂತೆ. ಶಾಲೆ ಸೇರುವಷ್ಟರಲ್ಲಿ ಅದೂ ಅಳಿಸಿಹೋಗಿತ್ತು. ಎಷ್ಟೋ ವರ್ಷ ಹುಡುಕಿದ ಮೇಲೆ ಹೆತ್ತ ತಾಯಿಯ ಸುಳಿವು ಸಿಕ್ಕಿತು.

ಅಂಗಡಿಗೆ ರಜೆಯಿದ್ದ ದಿನ, ಕಣ್ಣು ಪರೀಕ್ಷಿಸುವ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತರು. ಒಂದು ಪಕ್ಕ ಸಾಕಿದ ಅಮ್ಮ, ಇನ್ನೊಂದು ಪಕ್ಕ ದುಭಾಷಿ. ವಿಡಿಯೋ ಕರೆಯಲ್ಲಿ ಪರದೆಯ ಮೇಲೆ ಮೂಡಿದ ಮುದುಕಿಗೆ ಅವಳದೇ ಹುಬ್ಬು, ಅವಳದೇ ಗಲ್ಲ.

ಮುದುಕಿ ಅಳುತ್ತಲೇ ಹೇಳಿದಳು. ಕಾಯಿಲೆ ಬಿದ್ದಾಗ ಮಗುವನ್ನು ಒಂದು ಅನಾಥಾಶ್ರಮದಲ್ಲಿ ಬಿಟ್ಟಿದ್ದಳು. ಚೇತರಿಸಿಕೊಂಡು ಓಡಿಬಂದರೆ ಮಗು ಇರಲಿಲ್ಲ. ಸಾಕಿದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾರೂ ಇಲ್ಲದ ಮಗು ಅಂದಿದ್ರು ನಮಗೆ. ಆಣೆ ಮಾಡಿ ಹೇಳ್ತೀನಿ, ಹಾಗೇ ಅಂದಿದ್ರು."

"ನಿನ್ನ ಬಾಲ್ಯ ನನ್ನ ಹತ್ರ ಇದೆ, ನಿನ್ನ ಬಾಲ್ಯ ನನಗೆ ಕೊಡು ಅಂತಿದಾರೆ," ಎಂದ ದುಭಾಷಿ. ತಾನೇ ತಡವರಿಸಿದ. "ತಪ್ಪಾಯ್ತಮ್ಮ. ಅವರು ಎರಡು ಮಾತು ಹೇಳಿದ್ರು. ಇನ್‌ಫಾನ್ಸಿಯಾ ಅಂದ್ರೆ ಶೈಶವ, ಹಾಲುಗಲ್ಲದ ದಿನಗಳು. ನಿನ್ಯೆಸ್ ಅಂದ್ರೆ ಅದು ಕಳೆದ ಮೇಲೆ, ದೊಡ್ಡವರಾಗೋ ತನಕ. ಮಾತಲ್ಲಿ ಜನ ಎರಡನ್ನೂ ಬೆರೆಸಿಬಿಡ್ತಾರೆ. ಇವರು ಬೆರೆಸ್ತಿಲ್ಲ. ನಿಮ್ಮ ಶೈಶವ ಅವರ ಹತ್ರಾನೇ ಇದೆ, ಅವರಿಗೆ ನಿನ್ಯೆಸ್ ಬೇಕಂತೆ."

ಕೇಳಿದ್ದು ಅಷ್ಟೇ ತಾನೆ. ಅವಳು ಹುರುಪಿನಿಂದ ಶುರುಮಾಡಿದಳು. ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಾಗ ಅಮ್ಮ ಎತ್ತಿಕೊಂಡು ಓಡಿದ್ದು. ಹಲ್ಲು ಬಿದ್ದಾಗ ಅಮ್ಮ ನಕ್ಕಿದ್ದು. ಜ್ವರದಲ್ಲಿ ಅಮ್ಮನ ತೊಡೆ ಬಿಟ್ಟು ಏಳದೆ ಇದ್ದದ್ದು. ದುಭಾಷಿ ಒಂದೊಂದನ್ನೇ ದಾಟಿಸುತ್ತ ಹೋದ. ಪ್ರತಿ ಕಥೆಗೂ ಮುದುಕಿಯ ಮುಖ ಒಂದಿಷ್ಟು ಬಾಡುತ್ತಿತ್ತು. ಅಮ್ಮ ಅವಳ ಕೈ ಹಿಡಿದೆಳೆದಳು. "ಸಾಕು ಕಣೇ, ನಿಲ್ಲಿಸು. ಕರುಳು ಕಿತ್ತು ಬರ್ತಿದೆ ಅವರಿಗೆ."

ಅವಳು ನಿಲ್ಲಿಸಿದಳು. "ನಾನು ಪಾಪು ಇದ್ದಾಗ ಹೇಗಿದ್ದೆ, ಕೇಳಿ," ಎಂದಳು.

ಮುದುಕಿಯ ಕಣ್ಣು ಅರಳಿತು. ಅರಳು ಹುರಿದ ಹಾಗೆ ಮಾತಾಡ್ತಿದ್ದೆ, ಬೀದಿಯವರೆಲ್ಲ ನಿನ್ನ ಮಾತು ಕೇಳೋಕೇ ಬರ್ತಿದ್ರು ಎಂದಳಂತೆ. ಆಮೇಲೆ ಪರದೆಯ ಹತ್ತಿರಕ್ಕೆ ಬಾಗಿ ಏನೋ ಕೇಳಿದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು.

"ಒಂದೇ ಒಂದು ಮಾತು ನಿಮ್ಮ ಬಾಯಿಂದ ಅವರ ಭಾಷೇಲಿ ಕೇಳಬೇಕಂತೆ," ಎಂದ ದುಭಾಷಿ.

ಅವಳು ಬಾಯಿ ತೆರೆದಳು. ಈಗಷ್ಟೇ ಕೇಳಿದ್ದೊಂದೇ ನಾಲಿಗೆಗೆ ಬಂತು. "ನಿನ್ಯೆಸ್," ಎಂದಳು, ಪರದೇಶಿಯ ಉಚ್ಚಾರದಲ್ಲಿ.

ಮುದುಕಿ ಕೈಯಾರೆ ಕರೆ ಕಡಿದಳು.

ಆಮೇಲೆ ಎಷ್ಟು ಸಲ ಕರೆ ಮಾಡಿದರೂ ಎತ್ತಲಿಲ್ಲ. ಕೊನೆಗೆ ನೆರೆಮನೆಯವಳೊಬ್ಬಳು ಎತ್ತಿ ದುಭಾಷಿಗೆ ಹೇಳಿದಳಂತೆ: "ಅವಳ ಮಗಳು ಚಿಕ್ಕವಳಂತೆ, ಚೆನ್ನಾಗಿ ಮಾತಾಡ್ತಾಳಂತೆ. ಇವಳಲ್ಲವಂತೆ."

ನೆಂಟರು ಬಂದಾಗಲೆಲ್ಲ ಮಗಳ ಚಿಕ್ಕಂದಿನ ತುಂಟಾಟ ಹೇಳಿ ನಗಿಸುತ್ತಿದ್ದ ಅಮ್ಮ ಈಗ ಅರ್ಧಕ್ಕೇ ತಡೆದು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋಗುತ್ತಾಳೆ. ಅವಳೂ ಮುಂದಿನದನ್ನು ಹೇಳು ಎನ್ನುವುದಿಲ್ಲ.