ನಾಗಣ್ಣನ ಎರಡನೇ ರೆಕಾರ್ಡು

ನಾಗಣ್ಣ ಅಂಗಡಿಗೆ ಬಂದವನೇ ಚಪ್ಪಲಿ ಕಳಚಿ, ಗಾದಿ ದಾಟಿ, ಸೀದಾ ಒಳಗಿನ ಕಪಾಟಿಗೆ ಕೈ ಹಾಕಿದ. ಇಳಕಲ್ಲ ಸೀರೆಗಳ ಹಿಂದೆ, ಧೋತರದ ಗಂಟುಗಳ ಕೆಳಗೆ ಎಲ್ಲ ತಡಕಾಡಿದ. ತಂದೆ ಶಾಂತಲಿಂಗಪ್ಪನವರು ಲೋಡಿಗೆ ಒರಗಿ ನೋಡುತ್ತಿದ್ದರು.

"ಏನ್ ಹುಡಕಾಕತ್ತಿ?"

"ನನ್ನ ರೆಕಾರ್ಡ್ ರಿ. ನವಿ ಪೇಠದ ಅಂಗಡ್ಯಾಗ ಒಂದೂ ಉಳದಿಲ್ಲಂತ. ಪುಣೆದಿಂದ ಮತ್ತ ತರಸಾಕತ್ತಾರ. ಎಲ್ಲಿಟ್ಟೀರಿ ಹೇಳ್ರಿ ಅಪ್ಪಾ."

ಹೀಗೆ ಕೇಳುವುದಕ್ಕೆ ಕಾರಣವಿತ್ತು. ಗೆಳೆಯರ ಆರ್ಕೆಸ್ಟ್ರಾ ಬಿಟ್ಟು, ತಾನೇ ಬರೆದ ಹಾಡುಗಳನ್ನು ಗಿಟಾರು ಹಿಡಿದು ಮೆಲುದನಿಯಲ್ಲಿ ಹಾಡಿ, ಅವನೊಬ್ಬನೇ ಮಾಡಿದ ಮೊದಲ ರೆಕಾರ್ಡು ಎಪ್ಪತ್ನಾಲ್ಕರಲ್ಲಿ ಇದೇ ಸೊಲ್ಲಾಪುರದಲ್ಲಿ ಹೀಗೇ ಖಾಲಿಯಾಗಿತ್ತು. ಆಗ ಹುಡುಗನ ಕಾಲು ನೆಲದ ಮೇಲಿರಲಿಲ್ಲ. ಮರುವರ್ಷ ಅಕ್ಕಲಕೋಟದಾಚೆ ಚಪಳಗಾಂವಕ್ಕೆ ಮದುವೆಗೆ ಹೋದಾಗ, ಅಡುಗೆಮನೆಯ ಮಜ್ಜಿಗೆ ಗಡಿಗೆಯ ಮೇಲೆ ಅದೇ ರೆಕಾರ್ಡು ಮುಚ್ಚಳವಾಗಿ ಕೂತಿತ್ತು. ನಡುವಿನ ತೂತಿಗೆ ಹಿಟ್ಟು ಮೆತ್ತಿದ್ದರು.

"ನಿಮ್ಮಲ್ಲಿ ಬಸ್ತಾ ತಗೊಂಡಾಗ ಸಾವಕಾರ್ರು ಕೊಟ್ಟಾರ್ರಿ. ಗಟ್ಟಿ ಐತ್ರಿ," ಎಂದಿದ್ದಳು ಮನೆಯ ಯಜಮಾನಿ ಸುಗಲಾಬಾಯಿ.

ಮದುವೆಯ ಬಟ್ಟೆಯೆಲ್ಲ ಒಂದೇ ಅಂಗಡಿಯಲ್ಲಿ ಕೊಳ್ಳುವುದಕ್ಕೆ ಬಸ್ತಾ ಎನ್ನುತ್ತಾರೆ. ಅಂಥವರಿಗೆ ಮೇಲೊಂದು ಕುಪ್ಪಸದ ಖಣ ಕೊಡುವುದು ಈ ಅಂಗಡಿಯ ರೂಢಿ. ಆ ವರ್ಷ ಶಾಂತಲಿಂಗಪ್ಪನವರು ಮಗನ ರೆಕಾರ್ಡುಗಳನ್ನೆಲ್ಲ ಗುಟ್ಟಾಗಿ ತಾವೇ ಕೊಂಡು, ಖಣದ ಜೊತೆ ಒಂದೊಂದನ್ನು ಇಟ್ಟು ಕೊಟ್ಟಿದ್ದರು. ಅದನ್ನು ಹಾಡಿಸುವ ಯಂತ್ರ ಯಾರ ಮನೆಯಲ್ಲಿದೆ ಎಂದು ಪುಣ್ಯಾತ್ಮ ಯೋಚಿಸಿರಲಿಲ್ಲ.

ನಾಗಣ್ಣನಿಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಅಂದೇ ಅವನು ಅಪ್ಪನಿಗೆ ಮಾತು ಕೊಟ್ಟ: ಇನ್ನೊಂದು ರೆಕಾರ್ಡು ಮಾಡುತ್ತೇನೆ, ಅದು ತಾನಾಗಿ ಮಾರಾಟವಾಗದಿದ್ದರೆ ಹಾಡು ಬಿಟ್ಟು ಗಾದಿಯ ಮೇಲೆ ಕೂರುತ್ತೇನೆ. ಈಗ ಆ ಎರಡನೆಯದು ಖಾಲಿಯಾಗಿದೆ, ಮುಂಬಯಿಯಿಂದ ಹಾಡಲು ಕರೆಯೂ ಬಂದಿದೆ. ಆದರೆ ಕೊಂಡವರು ಯಾರು?

"ಈ ಸಲ ನಾ ಒಂದೂ ತಗೊಂಡಿಲ್ಲಪಾ."

"ಹೋದ ಸಲಾನೂ ಹಂಗ ಅಂದಿದ್ರಿ."

ಶಾಂತಲಿಂಗಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗನ ಮುಖ ನೋಡಲಿಲ್ಲ.

"ಖರೇ ಹೇಳ್ಲೇನು? ಈ ಸಲ ಯಾರೂ ತಗೋಬಾರ್ದು, ಖಪಬಾರ್ದು ಅಂತಿತ್ತು ನನ್ನ ಮನಸಿನ್ಯಾಗ. ಖಪಲಿಲ್ಲಂದ್ರ ನೀ ಇಲ್ಲೇ ಬಾಜೂಕ ಕುಂದರತಿದ್ದಿ. ಮುದುಕ ಆದ್ನಲ್ಲ, ಆಸೆ ಆತು. ಅದಕ್ಕ ಒಂದೂ ತಗೊಳ್ಳಿಲ್ಲ."

ದೇವರ ಮೇಲೆ ಆಣೆ ಮಾಡಿದ್ದರೂ ನಾಗಣ್ಣ ನಂಬುತ್ತಿರಲಿಲ್ಲವೇನೋ. ಈ ಮಾತನ್ನು ನಂಬಿದ. ತನ್ನ ಹಾಡನ್ನು ಗುರುತಿಲ್ಲದ ಜನ ಕೊಂಡಿದ್ದರು, ತಮ್ಮ ಮನೆಗೆ ಒಯ್ದಿದ್ದರು. ಎದೆ ತುಂಬಿ ಬಂತು. ಅದರ ಹಿಂದೆಯೇ, ಟೋಪಿಯಿಲ್ಲದ ಅಪ್ಪನ ಬೋಳು ತಲೆ ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ಮಂದ್ರೂಪದ ಬಸ್ಸು ಇಳಿದು ಹಳೆಯ ಗಿರಾಕಿ ಮಲಕಾಜಪ್ಪನ ಮನೆಯವರು ಬಸ್ತಾಕ್ಕೆ ಬಂದರು. ಮದುಮಗಳು, ಅತ್ತೆ, ಅಜ್ಜಿ, ಒಂದು ದಂಡೇ ಇತ್ತು.

"ಬರ್ರಿ, ಬರ್ರಿ," ಎಂದರು ಶಾಂತಲಿಂಗಪ್ಪನವರು. ಮಗನಿಗೆ ಮೆಲ್ಲಗೆ, "ನೀ ಹೋಗು. ಮುಂಬೈಕ ಹೋಗೂ ತಯ್ಯಾರಿ ಮಾಡ್ಕೊ," ಎಂದರು.

"ಹೋಗ್ತೀನ್ರಿ. ಇವರದೊಂದು ಆಗ್ಲಿ."

ನಾಗಣ್ಣ ಗಾದಿಯ ಮೇಲೆ ಮಂಡಿಯೂರಿ, ಹಸಿರು ಸೀರೆಯೊಂದನ್ನು ಎತ್ತಿ ಅಜ್ಜಿಯ ಮುಂದೆ ಬಿಚ್ಚಿ ಹಾಸಿದ. ಅಜ್ಜಿಗೆ ಅಂಚು ಸೇರಲಿಲ್ಲ. ಇನ್ನೊಂದು ಹಾಸಿದ. ಬಿಚ್ಚಿದ್ದನ್ನು ಹಿಂದೆ ಕೂತು ಮಡಚುತ್ತಿದ್ದ ಶಾಂತಲಿಂಗಪ್ಪನವರು ತಮಗೇ ಗೊತ್ತಿಲ್ಲದಂತೆ ಏನೋ ಗುನುಗತೊಡಗಿದರು. ಎರಡನೇ ರೆಕಾರ್ಡಿನ ಕಟ್ಟಕಡೆಯ ಹಾಡು. ಅದು ಬರುವತನಕ ಯಾರದೋ ಅಂಗಡಿಯ ಮುಂದೆ ಕೇಳುತ್ತ ಎಷ್ಟು ಹೊತ್ತು ನಿಂತಿದ್ದರೋ. ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು. ನಾಗಣ್ಣ ತಿರುಗಿ ನೋಡಲಿಲ್ಲ. ಅಜ್ಜಿ ಹೂಂ ಅನ್ನುವ ಮೊದಲೇ ಮತ್ತೊಂದು ಸೀರೆ ಬಿಚ್ಚಿದ.