ಎಣಿಕೆಯಕ್ಕ

ಅವಳ ಬಲಗೈ ತುಟಿಗಿಂತ ಮೊದಲು ಮಾತಾಡುತ್ತಿತ್ತು. ನೀರು ಬೇಕೆಂದರೂ ಕೈಯೆತ್ತುವ, ಮೂರೇ ಜನರ ಸಂಸಾರದಲ್ಲಿ ಕಿಟಕಿ ಮುಚ್ಚುವುದಕ್ಕೂ ಮತ ಕೇಳುವ ಈ ಮಗಳ ದೆಸೆಯಿಂದ, ದರ್ಜಿಯಾದ ಅಪ್ಪನಿಗೆ ಮತ್ತೆ ಮತ್ತೆ ಹರಿಯುವ ಅವಳ ಕೋಟಿನ ಕಂಕುಳಿಗೆ ಹೊಲಿಗೆ ಹಾಕುವುದೇ ಒಂದು ಉಪವೃತ್ತಿಯಾಗಿತ್ತು.

"ಬಾಯ್ಬಿಟ್ಟು ಹೇಳಮ್ಮ, ಕೈ ಇಳ್ಸು."

"ಇಳ್ಸೋದಕ್ಕೆ ಎಷ್ಟು ಜನ ಒಪ್ತೀರಿ?"

ವಿದ್ಯಾರ್ಥಿ ಸಂಘದವರು ಅವಳನ್ನು ಎಣಿಕೆಯಕ್ಕ ಎನ್ನುತ್ತಿದ್ದುದರಲ್ಲಿ ಗೌರವಕ್ಕಿಂತ ಬೇಸರವೇ ಹೆಚ್ಚು. ಎತ್ತಿದ ಬಾವುಟಗಳೂ ಕೈಗಳಂತೆ ಕಂಡು ಒಮ್ಮೆ ಲೆಕ್ಕ ತಪ್ಪಿದ್ದರಿಂದ, ಬರಿಗೈಗೆ ಮಾತ್ರ ಮತವೆಂಬ ನಿಯಮವನ್ನು ತಂದವಳೂ ಅವಳೇ.

ಚುನಾವಣೆಯನ್ನೇ ನಡೆಸದೆ ನಗರಸಭೆಯ ಆಡಳಿತಾಧಿಕಾರಿ ವರ್ಷಗಟ್ಟಲೆ ಕುರ್ಚಿಗೆ ಅಂಟಿ ಕುಳಿತಾಗ, ಯುವಜನರು ಚೌಕದಲ್ಲಿ ಧರಣಿ ಹೂಡಿದರು. ಮಧ್ಯಾಹ್ನದೊಳಗೆ ದಿನಾಂಕ ಹೇಳುತ್ತೇನೆಂದವನು ಬಾಯಿ ಬಿಡದಿದ್ದಾಗ ಸಹನೆಯ ಕಟ್ಟೆಯೊಡೆದು ಕೈಕೈಗೆ ಕಲ್ಲು ಬಂತು. ಎದುರಿನ ನಗರಸಭೆಯ ಮೆಟ್ಟಿಲ ಮೇಲೆ ಪೊಲೀಸರ ಬಂದೂಕುಗಳು ನೆಟ್ಟಗಾದವು. ಮಗಳನ್ನು ದರದರನೆ ಎಳೆದು ತರಲು ಹೋದ ಅಪ್ಪನ ಕೈಯಲ್ಲೂ ಒಂದು ಕಲ್ಲಿತ್ತು. ಯಾರೋ ಕೊಟ್ಟಿದ್ದರು, ಬೇಡವೆನ್ನಲು ಸಂಕೋಚವಾಗಿತ್ತು.

ಮಗಳು ಮೇಜು ಹತ್ತಿದಳು. "ಕಲ್ಲು ಹೊಡೀಬೇಕು ಅನ್ನೋರು ಕೈಯೆತ್ತಿ!"

"ಇಲ್ಲೂ ಎಣಿಸ್ತೀಯೇನೇ, ಮಹಾತಾಯಿ?" ಎಂದು ಮುಂಚೂಣಿಯ ಗಡ್ಡದ ಹುಡುಗ ಗದರಿದ. ಗದರುತ್ತಲೇ ಕಲ್ಲು ಕೆಳಗಿಟ್ಟು ಕೈಯೆತ್ತಿದ. ಅಭ್ಯಾಸಬಲವೆಂದರೆ ಅದು. ಸಾಲುಸಾಲಾಗಿ ಕಲ್ಲುಗಳು ನೆಲಕ್ಕಿಳಿದು ಅಂಗೈಗಳು ಮೇಲೇರಿದವು. ಯಾವ ಪಕ್ಷಕ್ಕೆಂದು ತಿಳಿಯದೆ ಅಪ್ಪನೂ ಎತ್ತಿದ. ಅವಳು ಎಣಿಸಿದಳು, ತಪ್ಪಿತೆಂದಳು, ಮತ್ತೆ ಮೊದಲಿಂದ ಎಣಿಸಿದಳು. ಬರಿಗೈಗಳ ಆ ಕಾಡಿನ ಮೇಲೆ ಗುಂಡು ಹಾರಿಸಿ ಎನ್ನಲು ಪೊಲೀಸ್ ಅಧಿಕಾರಿಗೆ ನಾಲಿಗೆ ಏಳಲಿಲ್ಲ. ಒಂದೇ ಒಂದು ಕಲ್ಲು ಬಿದ್ದಿದ್ದರೆ ಚುನಾವಣೆ ಮುಂದೂಡಲು ನೆಪವಾಗುತ್ತಿತ್ತು. ಅದೂ ಸಿಗದೆ ಆಡಳಿತಾಧಿಕಾರಿ ಕೊನೆಗೆ ಗುಮಾಸ್ತನನ್ನು ಬಾಗಿಲಿಗೆ ಕಳಿಸಿ ದಿನಾಂಕ ಓದಿಸಿದ.

ಕುಣಿದಾಟದ ನಡುವೆ ಅಪ್ಪ ಮೆಲ್ಲಗೆ ಕೇಳಿದ: "ಮತ ಏನಾಯ್ತಮ್ಮ?"

"ಹೊಡೀಬೇಕು ಅನ್ನೋರೇ ಜಾಸ್ತಿ ಇದ್ರಪ್ಪ. ಮೊದಲ್ನೇ ಸಲಾನೇ ಗೊತ್ತಾಯ್ತು. ಹೇಳೋ ಧೈರ್ಯ ಬರ್ಲಿಲ್ಲ, ಎಣಿಸ್ತಾನೇ ಹೋದೆ."

ಅಪ್ಪ ಅಲ್ಲೇ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಚಳವಳಿಯ ಮುಂದೆ ಬಾವುಟ ಹಿಡಿದು ಓಡುವವರನ್ನು ಊರು ನೆನಪಿಡುತ್ತದೆ. ಇಂಥ ಪೀಡೆಗಳನ್ನು ಮನೆಯವರೂ ಕಷ್ಟಪಟ್ಟೇ ಸಹಿಸುತ್ತಾರೆ. ಆದರೂ ಯೌವನದ ಆವೇಶಕ್ಕೆ ಒಂದು ಗಳಿಗೆ ಕಾಯುವ ಚಾಳಿ ಅಂಟಿಸಿ, ಅಷ್ಟೂ ಮನೆಗಳ ಮಕ್ಕಳನ್ನು ರಾತ್ರಿಯ ಊಟಕ್ಕೆ ಹಿಂದಿರುಗಿಸುವವರು ಇವರೇ.